ಫೋಟೋ ನೋಡಿ ಭಾವಚಿತ್ರ ಬರೆಯುವ ಕಲೆ

ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಳ್ಳದೆ, ಛಾಯಾಚಿತ್ರವನ್ನೇ ಆಧಾರವಾಗಿಟ್ಟುಕೊಂಡು ಎಣ್ಣೆಬಣ್ಣ, ಜಲವರ್ಣ, ಅಕ್ರಿಲಿಕ್, ಇದ್ದಿಲು ಮೊದಲಾದ ಮಾಧ್ಯಮಗಳಲ್ಲಿ ಮುಖವನ್ನು ಚಿತ್ರಿಸುವ ವಿಧಾನ. 1839ರಲ್ಲಿ ಪ್ಯಾರಿಸ್ಸಿನಲ್ಲಿ ದಾಗೇರ್‌ನ ಛಾಯಾಗ್ರಹಣ ಕ್ರಮ ಬಹಿರಂಗವಾದ ಕೆಲವೇ ವರ್ಷಗಳಲ್ಲಿ ಈ ಪದ್ಧತಿ ಹುಟ್ಟಿತು. ಇಂದು ಶಾಲೆ, ಕಚೇರಿ, ಮಠ, ಸಂಘಸಂಸ್ಥೆಗಳ ಗೋಡೆಯ ಮೇಲೆ ಕಾಣುವ ದಾನಿಗಳ, ಹಿರಿಯರ, ಮುಂದಾಳುಗಳ ವರ್ಣಚಿತ್ರಗಳಲ್ಲಿ ಬಹಳಷ್ಟು ಫೋಟೋದಿಂದ ಬಂದವು. ಚಿತ್ರ ಬರೆಸಬೇಕೆಂದು ಮನೆಯವರಿಗೆ ತೋಚುವ ಹೊತ್ತಿಗೆ ಆ ವ್ಯಕ್ತಿ ತೀರಿಕೊಂಡಿರುವುದೇ ಹೆಚ್ಚು.

ಇದನ್ನು ಬರೀ ನಕಲು ಕೆಲಸವೆಂದು ಕಡೆಗಣಿಸುವವರು ಕಲಾವಲಯದಲ್ಲಿ ಮೊದಲಿನಿಂದಲೂ ಇದ್ದಾರೆ. ಫೋಟೋದಲ್ಲಿ ಇದ್ದುದನ್ನು ಇದ್ದ ಹಾಗೆ ಬಟ್ಟೆಗೆ ಇಳಿಸಿದ ಚಿತ್ರಗಳ ಮಟ್ಟಿಗೆ ಆ ಮಾತು ಸರಿ. ಆದರೆ ಒಳ್ಳೆಯ ಕಲಾವಿದರು ಮಾಡುವ ಕೆಲಸ ಬೇರೆ. ಕ್ಯಾಮೆರಾ ಆ ಮುಖಕ್ಕೆ ಏನೇನು ಮಾಡಿದೆ ಎಂದು ಮೊದಲು ಕಂಡುಕೊಳ್ಳುತ್ತಾರೆ, ಅದನ್ನು ತಿದ್ದಿಕೊಳ್ಳುತ್ತಾರೆ, ಆಮೇಲೆ ಮುಖವನ್ನು ಹೊಸದಾಗಿ ಕಟ್ಟುತ್ತಾರೆ. ಫೋಟೋ ಆಧಾರಿತ ಭಾವಚಿತ್ರ ಕೆಟ್ಟಿತೆಂದರೆ ಅನೇಕ ಬಾರಿ ಕೈ ಸೋತಿರುವುದಿಲ್ಲ, ಮಸೂರದ ತಪ್ಪನ್ನು ಮುಖದ ಗುಣವೆಂದು ನಂಬಿದ್ದೇ ಕಾರಣವಾಗಿರುತ್ತದೆ.

ಹಿನ್ನೆಲೆ

ಕ್ಯಾಮೆರಾ ಬರುವ ಮೊದಲೇ ಚಿತ್ರಗಾರರು ಬೆಳಕಿನ ಉಪಕರಣಗಳ ನೆರವು ಪಡೆಯುತ್ತಿದ್ದರು. ಕತ್ತಲ ಪೆಟ್ಟಿಗೆಯೊಳಗೆ ಹೊರಗಿನ ಬಿಂಬ ಮೂಡಿಸುವ ಕ್ಯಾಮೆರಾ ಆಬ್ಸ್‌ಕ್ಯೂರಾ, ಗಾಜಿನ ಪಟ್ಟಕದ ಮೂಲಕ ಬಿಂಬವನ್ನು ಕಾಗದದ ಮೇಲೆ ಕಂಡಂತೆ ಮಾಡುವ ಕ್ಯಾಮೆರಾ ಲೂಸಿಡಾ ಎರಡೂ ಗೆರೆ ಹಾಕಿಕೊಳ್ಳಲು ಒದಗುತ್ತಿದ್ದವು. ಆದರೆ ಬಿಂಬ ಉಳಿಯುತ್ತಿರಲಿಲ್ಲ. ಎದುರಿಗಿದ್ದವರು ಎದ್ದು ಹೋದರೆ ಅದೂ ಹೋಗುತ್ತಿತ್ತು.

ಉಳಿದ ಬಿಂಬದಿಂದ ದೊಡ್ಡ ಪ್ರಮಾಣದಲ್ಲಿ ಮುಖ ಬರೆದ ಮೊದಲಿಗರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಆಕ್ಟೇವಿಯಸ್ ಹಿಲ್ ಮುಖ್ಯನಾದವನು. 1843ರ ಮೇ ತಿಂಗಳಲ್ಲಿ ಎಡಿನ್‌ಬರೋದಲ್ಲಿ ಸ್ಕಾಟ್ಲೆಂಡ್ ಚರ್ಚ್ ಒಡೆದು ನೂರಾರು ಪಾದ್ರಿಗಳು ಹೊರಬಂದು ಹೊಸ ಚರ್ಚ್ ಕಟ್ಟಿದರು. ಆ ಘಟನೆಯನ್ನು ಒಂದೇ ಚಿತ್ರದಲ್ಲಿ ಹಿಡಿಯಲು ಹಿಲ್ ಹೊರಟ. ಅವನು ಪ್ರಕೃತಿ ದೃಶ್ಯಗಳ ಚಿತ್ರಗಾರ. ಅಷ್ಟು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ ಬರೆಯುವುದು ಆಗದ ಮಾತಾಗಿತ್ತು. ಭೌತವಿಜ್ಞಾನಿ ಡೇವಿಡ್ ಬ್ರೂಸ್ಟರ್ ಫೋಟೋ ತೆಗೆಸಿಕೊಳ್ಳುವಂತೆ ಸಲಹೆ ಕೊಟ್ಟು, ರಾಬರ್ಟ್ ಆಡಮ್‌ಸನ್ ಎಂಬ ತರುಣ ಛಾಯಾಗ್ರಾಹಕನ ಪರಿಚಯ ಮಾಡಿಸಿದ. ಇಬ್ಬರೂ ಸೇರಿ ಬಿಸಿಲಿನಲ್ಲಿ ಜನರನ್ನು ಕೂರಿಸಿ ಕಾಗದದ ನೆಗೆಟಿವ್‌ಗಳಲ್ಲಿ ಚಿತ್ರ ಹಿಡಿದರು. ಆಡಮ್‌ಸನ್ 1848ರಲ್ಲೇ ತೀರಿಕೊಂಡ. ವರ್ಣಚಿತ್ರ ಮುಗಿದದ್ದು 1866ರಲ್ಲಿ, ನಾನೂರೈವತ್ತಕ್ಕೂ ಹೆಚ್ಚು ಮುಖಗಳೊಂದಿಗೆ. ಇಂದು ಕಲಾಚರಿತ್ರೆ ಕೊಂಡಾಡುವುದು ಆ ಫೋಟೋಗಳನ್ನು. ಇಪ್ಪತ್ತಮೂರು ವರ್ಷ ಹಿಡಿದ ಚಿತ್ರದಲ್ಲಿ ಮುಖಗಳು ಸಾಲುಸಾಲಾಗಿ ಅಂಟಿಸಿದಂತಿವೆ. ಬೇರೆಬೇರೆ ಬೆಳಕಿನಲ್ಲಿ ತೆಗೆದ ಫೋಟೋಗಳನ್ನು ಒಂದೇ ಕೋಣೆಯೊಳಗೆ ತಂದಾಗ ಬರುವ ತೊಡಕು ಅಲ್ಲಿ ಎದ್ದು ಕಾಣುತ್ತದೆ. ಇಂದಿಗೂ ಈ ಕೆಲಸ ಮಾಡುವವರು ಎದುರಿಸುವ ಮೊದಲ ತೊಡಕೂ ಅದೇ.

ಫ್ರೆಂಚ್ ಚಿತ್ರಗಾರ ದೆಗಾ ಹಿಡಿದ ದಾರಿ ಬೇರೆ. ಪ್ಯಾರಿಸ್ಸಿನ ಛಾಯಾಗ್ರಾಹಕ ದಿಸ್ದೇರಿ 1854ರಲ್ಲಿ ಹಕ್ಕುಪತ್ರ ಪಡೆದ ಕಿರುಕಾರ್ಡಿನ ಫೋಟೋಗಳು ಆಗ ಮನೆಮನೆಗೂ ಹಬ್ಬಿದ್ದವು. ಅಂಥದೊಂದು ಕಾರ್ಡಿನಲ್ಲಿ ರಾಜಕುಮಾರಿ ಪೌಲೀನ್ ದ ಮೆಟರ್ನಿಕ್ ಗಂಡನ ಜೊತೆ ನಿಂತಿದ್ದಳು. ಅದನ್ನು ನೋಡಿ 1865ರ ಸುಮಾರಿಗೆ ದೆಗಾ ಬರೆದ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅವನು ಗಂಡನನ್ನು ಕೈಬಿಟ್ಟ, ಹಿನ್ನೆಲೆಗೆ ಹೂಬಳ್ಳಿಯ ಗೋಡೆ ಕಾಗದ ತಂದ, ಮುಖದ ಅಂಚುಗಳನ್ನು ಬೇಕೆಂದೇ ಮಸುಕಾಗಿಸಿದ. ಫೋಟೋದಿಂದ ಏನನ್ನು ಬಿಡಬೇಕು ಎಂಬ ತೀರ್ಮಾನದಲ್ಲೇ ಕಲಾವಿದನ ಹೆಚ್ಚುಗಾರಿಕೆ ಇದೆ ಎನ್ನುವುದಕ್ಕೆ ಆ ಪುಟ್ಟ ಚಿತ್ರಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಜರ್ಮನಿಯಲ್ಲಿ ಫ್ರಾಂಜ್ ಫಾನ್ ಲೆನ್‌ಬಾಕ್ ಬಿಸ್ಮಾರ್ಕ್‌ನ ಅನೇಕಾನೇಕ ಭಾವಚಿತ್ರಗಳನ್ನು ಫೋಟೋಗಳ ಸಹಾಯದಿಂದ ಬರೆದ. ಇಂಗ್ಲೆಂಡಿನ ವಾಲ್ಟರ್ ಸಿಕರ್ಟ್ 1936ರಲ್ಲಿ ಎಂಟನೆಯ ಎಡ್ವರ್ಡ್‌ನನ್ನು ಪತ್ರಿಕಾ ಛಾಯಾಚಿತ್ರದಿಂದ ಚಿತ್ರಿಸಿ, ಅದನ್ನು ಮರೆಮಾಚದೆ ಹೇಳಿಕೊಂಡ.

ಭಾರತಕ್ಕೆ ಕ್ಯಾಮೆರಾ 1840ರ ದಶಕದ ಹೊತ್ತಿಗೆ ಬಂದಿತ್ತು. ಇಲ್ಲಿ ಚಿತ್ರಗಾರ ಮತ್ತು ಛಾಯಾಗ್ರಾಹಕ ಬೇಗನೆ ಒಂದೇ ಅಂಗಡಿಯಲ್ಲಿ ಕೂತರು. ಕಪ್ಪುಬಿಳುಪು ಮುದ್ರಣದ ಮೇಲೆ ಬಣ್ಣ ಹಚ್ಚಿ, ಒಡವೆಗೆ ಚಿನ್ನದ ಗೆರೆ ಎಳೆದು, ಹಿಂದಿನ ಪರದೆಯನ್ನು ಪೂರ್ತಿ ಬದಲಿಸಿ ಕೊಡುವ ಕಸುಬು ರಾಜಸ್ಥಾನದ ನಾಥದ್ವಾರದಂಥ ಊರುಗಳಲ್ಲಿ ಬೆಳೆಯಿತು. ರಾಜಾ ರವಿವರ್ಮನೂ ಭಾವಚಿತ್ರಗಳಿಗೆ ಫೋಟೋಗಳನ್ನು ಬಳಸಿಕೊಂಡವನೇ. 1885ರಲ್ಲಿ ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇಲೆ ಅವನು ಮೈಸೂರಿಗೆ ಬಂದು ರಾಜಮನೆತನದವರ ಚಿತ್ರಗಳನ್ನು ಬರೆದ.

ಕನ್ನಡ ನಾಡಿನಲ್ಲಿ ಈ ಪದ್ಧತಿಯ ದೊಡ್ಡ ಸಾಧನೆ ಮೈಸೂರು ಅರಮನೆಯ ಕಲ್ಯಾಣಮಂಟಪದಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ, 1930ರ ದಸರಾ ಮೆರವಣಿಗೆಯನ್ನು ತೋರಿಸುವ 26 ಫಲಕಗಳನ್ನು ಕೆ. ಕೇಶವಯ್ಯ ಮೊದಲಾದ ಆಸ್ಥಾನ ಕಲಾವಿದರು 1934ರಿಂದ 1945ರ ನಡುವೆ ಬರೆದರು. ಮೆರವಣಿಗೆಯ ನಿಜವಾದ ಫೋಟೋಗಳೇ ಅವಕ್ಕೆ ಆಧಾರ. ಅಧಿಕಾರಿಗಳು, ಸವಾರರು, ದಾರಿಬದಿಯ ಜನ ಎಲ್ಲರಿಗೂ ಅವರವರದೇ ಮುಖವಿದೆ. ಹಿಲ್‌ನ ಚಿತ್ರದಲ್ಲಿ ಕೂಡಿಬರದ ಬೆಳಕು ಇಲ್ಲಿ ಕೂಡಿಬಂದಿದೆ. ಇಡೀ ಮೆರವಣಿಗೆ ಬಯಲ ಬೆಳಕಿನಲ್ಲಿ ಸಾಗುವುದು ಅದಕ್ಕೆ ಒಂದು ಕಾರಣವಾದರೆ, ಬಣ್ಣವನ್ನು ಕಲಾವಿದರು ತಮ್ಮ ಕಣ್ಣಿನಿಂದ ತುಂಬಿದ್ದು ಇನ್ನೊಂದು. ಬೆಂಗಳೂರಿನ ಗಾಂಧಿನಗರದ ಚಿತ್ರಮಂದಿರಗಳ ಮುಂದೆ ರಾಜ್‌ಕುಮಾರರ ಭಾರಿ ಕಟೌಟ್ ಬರೆದ ಬ್ಯಾನರ್ ಕಲಾವಿದರನ್ನೂ ಇದೇ ಪರಂಪರೆಯಲ್ಲಿ ಸೇರಿಸಬೇಕು. ಅಂಗೈಯಗಲದ ಸ್ಟಿಲ್ ಫೋಟೋಗೆ ಚೌಕ ಎಳೆದು ಹತ್ತಾರು ಅಡಿ ಎತ್ತರದ ಮುಖ ಬರೆದ ಅವರಲ್ಲಿ ಹೆಚ್ಚಿನವರ ಹೆಸರುಗಳು ದಾಖಲಾಗದೆ ಹೋದದ್ದು ನಮ್ಮ ಕಲಾಚರಿತ್ರೆಯ ದೊಡ್ಡ ನಷ್ಟ. ಫ್ಲೆಕ್ಸ್ ಮುದ್ರಣ ಬಂದಮೇಲೆ ಆ ಕಸುಬು ನಿಂತೇಹೋಯಿತು.

ಫೋಟೋವನ್ನು ಓದುವುದು

ಕುಂಚ ಹಿಡಿಯುವ ಮೊದಲಿನ ಈ ಹಂತವೇ ಎಲ್ಲಕ್ಕಿಂತ ಮುಖ್ಯ. ಒಂದು ಮುಖದ ಉಬ್ಬುತಗ್ಗುಗಳ ಅನುಪಾತ ಕ್ಯಾಮೆರಾ ಎಷ್ಟು ದೂರದಲ್ಲಿತ್ತು ಎನ್ನುವುದರ ಮೇಲೆ ನಿಂತಿದೆ. ಮೂಗಿನ ತುದಿಯಿಂದ ಕಿವಿಯವರೆಗಿನ ಆಳ ಸುಮಾರು 12 ಸೆಂ.ಮೀ. ಎಂದಿಟ್ಟುಕೊಂಡರೆ, ಮೂಗಿನಿಂದ 30 ಸೆಂ.ಮೀ. ದೂರದಲ್ಲಿ ಹಿಡಿದ ಮೊಬೈಲ್ ಸೆಲ್ಫಿಯಲ್ಲಿ ಕಿವಿಗೆ ಹೋಲಿಸಿದರೆ ಮೂಗು ಶೇ. 40ರಷ್ಟು ಹಿಗ್ಗಿರುತ್ತದೆ. ಎರಡು ಮೀಟರ್ ದೂರದಿಂದ ತೆಗೆದರೆ ಆ ಹಿಗ್ಗು ಬರೀ ಶೇ. 6. ನಾವು ಒಬ್ಬರೊಡನೆ ಕೂತು ಮಾತಾಡುವಾಗ ಅವರ ಮುಖ ಕಾಣುವುದು ಹೆಚ್ಚುಕಡಿಮೆ ಈ ಎರಡನೆಯ ಅನುಪಾತದಲ್ಲಿ. ಆದ್ದರಿಂದ ಸೆಲ್ಫಿಯಿಂದ ಅಳತೆ ತಪ್ಪದೆ ಬರೆದ ಚಿತ್ರವೂ ಮನೆಯವರಿಗೆ ಅಪರಿಚಿತವಾಗಿ ಕಾಣುತ್ತದೆ. ಸ್ಟುಡಿಯೋಗಳಲ್ಲಿ 85ರಿಂದ 105 ಮಿ.ಮೀ. ಮಸೂರ ಬಳಸುವ ರೂಢಿ ಬಂದದ್ದು, ಆ ಮಸೂರ ಛಾಯಾಗ್ರಾಹಕನನ್ನು ದೂರಕ್ಕೆ ಸರಿಸುತ್ತದೆ ಎಂಬ ಕಾರಣಕ್ಕೆ. ಜೊತೆಗೆ ಕೆಲವು ಮೊಬೈಲುಗಳು ಮುಂಗ್ಯಾಮೆರಾದ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಉಳಿಸುತ್ತವೆ. ಬೈತಲೆ, ಮಚ್ಚೆ, ಸೀರೆಯ ಸೆರಗು ಯಾವ ಕಡೆಗಿವೆ ಎಂದು ಮನೆಯವರನ್ನು ಕೇಳಿಯೇ ಮುಂದುವರಿಯಬೇಕು.

ಬೆಳಕಿನ ವಿಷಯದಲ್ಲಿ ಕ್ಯಾಮೆರಾ ಕಣ್ಣಿಗಿಂತ ಬಡದು. ನಮ್ಮ ಕಣ್ಣು ನೆರಳಿನ ಕಡೆ ಹೊರಳಿದಾಗ ಅದಕ್ಕೆ ಹೊಂದಿಕೊಂಡು ಅಲ್ಲಿನ ವಿವರ ನೋಡುತ್ತದೆ, ಬೆಳಕಿನ ಕಡೆ ಹೊರಳಿದಾಗ ಇನ್ನೊಂದು ಬಗೆಯಲ್ಲಿ ಹೊಂದಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಒಂದೇ ಅಳತೆ. ಅದರಿಂದ ಕತ್ತಿನ ಕೆಳಗಿನ ನೆರಳು ಒಂದೇ ಕಪ್ಪಾಗಿಯೂ ಹಣೆಯ ಹೊಳಪು ಒಂದೇ ಬಿಳುಪಾಗಿಯೂ ಮುಚ್ಚಿಹೋಗುತ್ತವೆ. ನೇರ ಫ್ಲಾಶ್ ಬಿದ್ದ ಫೋಟೋ ಇನ್ನೂ ಕಷ್ಟ, ಮುಖದ ಉಬ್ಬುತಗ್ಗನ್ನೇ ಅದು ಅಳಿಸಿಬಿಡುತ್ತದೆ. ಹೊಸದಾಗಿ ಫೋಟೋ ತೆಗೆಯುವ ಅವಕಾಶವಿದ್ದರೆ ಕಿಟಕಿಯ ಪಕ್ಕ ಕೂರಿಸಿ, ಓರೆಯಾಗಿ ಒಂದೇ ಕಡೆಯಿಂದ ಬೆಳಕು ಬರುವಂತೆ ಮಾಡಿ, ಕಣ್ಣಿನ ಮಟ್ಟದಿಂದ ತೆಗೆಯುವುದು ಒಳ್ಳೆಯದು. ನೆರಳಿಗೆ ಒಂದು, ಬೆಳಕಿಗೆ ಒಂದು ಎಂದು ಬೇರೆಬೇರೆ ಅಳತೆಯಲ್ಲಿ ತೆಗೆದಿಟ್ಟುಕೊಂಡರೆ ಬರೆಯುವಾಗ ಎರಡನ್ನೂ ನೋಡಬಹುದು.

ಹಳೆಯ ಕಪ್ಪುಬಿಳುಪು ಫೋಟೋಗಳ ಒಂದು ಗುಣವನ್ನು ನಮ್ಮವರು ವಿಶೇಷವಾಗಿ ತಿಳಿದಿರಬೇಕು. ಹತ್ತೊಂಬತ್ತನೆಯ ಶತಮಾನದ ಫಲಕಗಳು ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತಿದ್ದವು, ಕೆಂಪಿಗೆ ಕುರುಡಾಗಿದ್ದವು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಫಲಕಗಳು ಮಾರುಕಟ್ಟೆಗೆ ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಎಲ್ಲೆಡೆ ಹರಡಿದ್ದು ಇನ್ನೂ ತಡವಾಗಿ. ಕಂದು ಮೈಬಣ್ಣದಲ್ಲಿ ಕೆಂಪು ಹಳದಿಗಳ ಪಾಲು ದೊಡ್ಡದು. ಹಾಗಾಗಿ ಆ ಕಾಲದ ಫೋಟೋಗಳಲ್ಲಿ ನಮ್ಮ ಅಜ್ಜಂದಿರ ಮುಖ ಇದ್ದುದಕ್ಕಿಂತ ಕಪ್ಪಗೆ, ತುಟಿ ಇನ್ನೂ ಕಪ್ಪಗೆ, ಹಣೆಯ ಕುಂಕುಮ ಮಸಿಯಂತೆ ಕಾಣುತ್ತದೆ. ಅದನ್ನು ನೋಡಿ ಹಾಗೆಯೇ ಬಣ್ಣ ಕಲಸಿದರೆ ಆ ವ್ಯಕ್ತಿಗೆ ಅನ್ಯಾಯ. ಇದಕ್ಕೆ ಎದುರಾದ ಇನ್ನೊಂದು ಮೋಸವೂ ಉಂಟು. ಸ್ಟುಡಿಯೋದವರು ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಿಂದ ತಿದ್ದಿ ಸುಕ್ಕು, ಕಲೆ, ಕಣ್ಣಡಿಯ ಗೆರೆಗಳನ್ನು ಅಳಿಸುತ್ತಿದ್ದರು. ಅಂಥ ನುಣುಪಾದ ಕೆನ್ನೆಯನ್ನು ಕಂಡಾಗ, ಅದೇ ವಯಸ್ಸಿನ ಮನೆಯವರ ಮುಖ ನೋಡಿ ಗೆರೆಗಳ ಜಾಡನ್ನು ಮರಳಿ ಹುಡುಕಬೇಕಾಗುತ್ತದೆ. ಮುಖದಲ್ಲಿನ ಬಿಗಿತವೂ ಆ ಕಾಲದ್ದೇ. ಬೆಳಕು ಹಿಡಿಯಲು ಹಲವು ಸೆಕೆಂಡು ಬೇಕಿದ್ದಾಗ ಅಲುಗದಂತೆ ತಲೆಯ ಹಿಂದೆ ಆನಿಕೆ ಕೊಟ್ಟು ಕೂರಿಸುತ್ತಿದ್ದರು. ಅದನ್ನು ಗಾಂಭೀರ್ಯವೆಂದೋ ಕೋಪವೆಂದೋ ಓದಬಾರದು.

ಮದುವೆಯ ಗುಂಪು ಫೋಟೋದಲ್ಲಿ ಉಗುರಿನಷ್ಟು ಮುಖ ಮಾತ್ರ ಉಳಿದಿರುವ ಸಂದರ್ಭ ಆಗಾಗ ಬರುತ್ತದೆ. ಒಂದು ಸೆಂಟಿಮೀಟರಿನ ಮುಖವನ್ನು ಅಂಗುಲಕ್ಕೆ 1200 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಸುಮಾರು 470 ಚುಕ್ಕೆಗಳ ಎತ್ತರದ ಬಿಂಬ ಸಿಗುತ್ತದೆ. ಫೋಟೋದಲ್ಲೇ ಇಲ್ಲದ ವಿವರ ಅದರಿಂದ ಬರುವುದಿಲ್ಲ. ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಇಂಥ ಮಸುಕು ಮುಖಕ್ಕೆ ಸ್ಫುಟವಾದ ಕಣ್ಣು, ರೆಪ್ಪೆ, ಚರ್ಮ ಕೊಡುತ್ತವೆ. ಅವು ಬೇರೆ ಸಾವಿರಾರು ಮುಖಗಳಿಂದ ಊಹಿಸಿ ತುಂಬಿದವು. ಅವನ್ನು ನಂಬಿ ಬರೆದ ಚಿತ್ರದಲ್ಲಿ ಯಾರದೋ ಕಣ್ಣು ಬಂದು ಕೂರುತ್ತದೆ. ಮಸುಕಾದುದನ್ನು ಮಸುಕಾಗಿಯೇ, ದೊಡ್ಡ ನೆರಳು ಬೆಳಕುಗಳಲ್ಲಿ ಬರೆಯುವುದು ಹೆಚ್ಚು ಪ್ರಾಮಾಣಿಕವಾದ ದಾರಿ.

ಗೆರೆ ಇಳಿಸುವುದು

ಫೋಟೋದ ಮುಖವನ್ನು ದೊಡ್ಡದಾಗಿಸಿ ಕ್ಯಾನ್ವಾಸಿಗೆ ತರಲು ಹಲವು ಉಪಾಯಗಳಿವೆ. ಚೌಕ ಎಳೆಯುವುದು ಹಳೆಯದು, ನಂಬಿಕಸ್ಥ. 10×15 ಸೆಂ.ಮೀ. ಫೋಟೋ ಮೇಲೆ ಒಂದೊಂದು ಸೆಂಟಿಮೀಟರಿನ ಚೌಕ, 40×60 ಸೆಂ.ಮೀ. ಕ್ಯಾನ್ವಾಸಿನ ಮೇಲೆ ನಾಲ್ಕು ನಾಲ್ಕು ಸೆಂಟಿಮೀಟರಿನ ಚೌಕ. ಒಂದು ಗೆರೆ ಯಾವ ಚೌಕದ ಯಾವ ಬದಿಯನ್ನು ಎಲ್ಲಿ ದಾಟುತ್ತದೆ ಎಂದು ನೋಡಿ ಬರೆದುಕೊಂಡು ಹೋಗುವುದು. ಮೂಲ ಫೋಟೋ ಹಾಳಾಗದಂತೆ ಅದರ ನಕಲು ಪ್ರತಿಯ ಮೇಲೋ ಪಾರದರ್ಶಕ ಹಾಳೆಯ ಮೇಲೋ ಗೆರೆ ಎಳೆಯಬೇಕು. ಪ್ರೊಜೆಕ್ಟರಿನಿಂದ ಬಿಂಬ ಬೀಳಿಸಿ ಗೆರೆ ತಿದ್ದುವವರೂ, ಮುದ್ರಿತ ಪ್ರತಿಯ ಹಿಂದೆ ಪೆನ್ಸಿಲ್ ಪುಡಿ ಸವರಿ ಅಚ್ಚಿಳಿಸುವವರೂ ಇದ್ದಾರೆ. ಪ್ರೊಜೆಕ್ಟರ್ ವೇಗ ಕೊಡುತ್ತದೆ, ಆದರೆ ಅಂಚಿನಲ್ಲಿ ಬಿಂಬ ಸೊಟ್ಟಾಗುವುದುಂಟು. ಅದಕ್ಕಿಂತ ದೊಡ್ಡ ಕೊರತೆ, ಬರೆಯುವವನ ಕಣ್ಣು ಮುಖದೊಳಗೆ ಇಳಿಯುವುದೇ ಇಲ್ಲ. ಬರಿಗಣ್ಣಿನಿಂದ ಅಳೆದು ಬರೆಯಲು ಕಲಿತವನಿಗೆ ಮಾತ್ರ, ಬಣ್ಣ ಹಚ್ಚುವಾಗ ಗೆರೆ ಮುಚ್ಚಿಹೋದರೂ ಮುಖ ಕೈತಪ್ಪುವುದಿಲ್ಲ.

ತಲೆಯ ಎತ್ತರದ ನಟ್ಟನಡುವೆ ಕಣ್ಣು, ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣಿನಷ್ಟು ಜಾಗ ಎಂಬ ಲೆಕ್ಕಗಳನ್ನು ಎಲ್ಲ ಕಲಾಶಾಲೆಗಳೂ ಕಲಿಸುತ್ತವೆ. ಅವು ಸರಾಸರಿ. ಹೋಲಿಕೆ ಹುಟ್ಟುವುದು ಸರಾಸರಿಯಿಂದ ಆ ಮುಖ ಎಲ್ಲಿ ಸರಿದಿದೆ ಎನ್ನುವಲ್ಲಿ. ಒಂದು ಹುಬ್ಬು ಎಷ್ಟು ಮೇಲಿದೆ, ಮೂಗಿಗೂ ಮೇಲ್ದುಟಿಗೂ ನಡುವೆ ಎಷ್ಟು ಜಾಗ, ಬಾಯಿಯ ಯಾವ ಕೊನೆ ಇಳಿದಿದೆ ಎಂಬುದನ್ನು ಹಿಡಿದರೆ ವಿವರ ಬರೆಯುವ ಮೊದಲೇ ಗುರುತು ಸಿಗುತ್ತದೆ.

ನೆರಳು, ಬೆಳಕು, ಮೈಬಣ್ಣ

ಬಿಳಿ ಕ್ಯಾನ್ವಾಸಿನ ಮೇಲೆ ಬರ್ನ್ಟ್ ಅಂಬರಿನ ತೆಳು ಪದರ ಹರಡಿಕೊಂಡು ಶುರುಮಾಡುವುದು ಎಣ್ಣೆಬಣ್ಣದ ರೂಢಿ. ಫೋಟೋವನ್ನು ಕಣ್ಣು ಕಿರಿದುಮಾಡಿ ನೋಡಿದಾಗ ವಿವರಗಳು ಕರಗಿ ನಾಲ್ಕೈದು ದೊಡ್ಡ ನೆರಳು ಬೆಳಕಿನ ಪಟ್ಟೆಗಳು ಉಳಿಯುತ್ತವೆ. ಮೊದಲು ಅವನ್ನೇ ಇಡಬೇಕು. ಕಣ್ಣುರೆಪ್ಪೆ, ಹಲ್ಲು, ಕೂದಲೆಳೆ ಕೊನೆಗೆ. ಕೂದಲು ಒಂದು ರಾಶಿ, ಅದಕ್ಕೂ ನೆರಳಿನ ಬದಿ ಬೆಳಕಿನ ಬದಿ ಇದೆ. ಎಲ್ಲ ಅಂಚುಗಳನ್ನೂ ಒಂದೇ ಸಮ ಚೂಪಾಗಿ ಬರೆದರೆ ಮುಖ ರಟ್ಟಿನಿಂದ ಕತ್ತರಿಸಿದಂತಾಗುತ್ತದೆ. ಕಣ್ಣಿನ ಸುತ್ತ ಸ್ಫುಟ, ಕಿವಿ ಮತ್ತು ಕೆನ್ನೆಯ ಹಿಂಬದಿ ಮೆತ್ತಗೆ ಇರಬೇಕು.

ಪಾಶ್ಚಾತ್ಯ ಕೈಪಿಡಿಗಳ ಮೈಬಣ್ಣದ ಸೂತ್ರಗಳು ಬಿಳಿಯಿಂದ ಆರಂಭವಾಗುತ್ತವೆ. ನಮ್ಮ ಮೈಬಣ್ಣಗಳಿಗೆ ಅವು ಒಗ್ಗುವುದಿಲ್ಲ. ಕಂದು ಮುಖಕ್ಕೆ ಬರ್ನ್ಟ್ ಸಿಯೆನ್ನಾ, ಹಳದಿ ಓಕರ್, ಸ್ವಲ್ಪ ಕ್ಯಾಡ್ಮಿಯಂ ಕೆಂಪು, ನೆರಳಿಗೆ ಅಲ್ಟ್ರಾಮರೀನ್ ನೀಲಿ ಸೇರಿಸಿ ಶುರುಮಾಡಬಹುದು. ಬೆಳಕಿನ ಕಡೆ ಹೋಗುವಾಗ ಬರೀ ಬಿಳಿ ಬೆರೆಸಿದರೆ ಮುಖಕ್ಕೆ ಬೂದಿ ಬಳಿದಂತಾಗುತ್ತದೆ. ಓಕರಿನಿಂದ ಮೊದಲು ಮೇಲೇರಿಸಿ, ಬಿಳಿಯನ್ನು ಅಂತ್ಯದ ಹೊಳಪಿಗೆ ಉಳಿಸಿಕೊಳ್ಳಬೇಕು. ಕಿಟಕಿಯ ಬೆಳಕಿನಲ್ಲಿ ಆ ಹೊಳಪಿಗೆ ಆಕಾಶದ ನೀಲಿ ಛಾಯೆ ಇರುತ್ತದೆ. ಹಣೆಯಲ್ಲಿ ಹಳದಿ, ಮೂಗು ಕೆನ್ನೆ ಕಿವಿಗಳಲ್ಲಿ ಕೆಂಪು, ಗಡ್ಡ ಬೋಳಿಸಿದ ಗಂಡಸರ ಗಲ್ಲದಲ್ಲಿ ನೀಲಿಹಸಿರು ಛಾಯೆ ಮೇಲುಗೈ ಪಡೆಯುತ್ತವೆ. ಫೋಟೋ ಮುದ್ರಣದಲ್ಲಿ ಈ ಭೇದಗಳು ಒಂದೇ ಕಿತ್ತಳೆಗಂದಾಗಿ ಬೆರೆತುಹೋಗಿರುತ್ತವೆ. ಹತ್ತಿರದಲ್ಲಿ ಅದೇ ಮೈಬಣ್ಣದ ಯಾರಾದರೂ ಇದ್ದರೆ ಅವರನ್ನು ಅರ್ಧ ಗಂಟೆ ಕಿಟಕಿಯ ಬಳಿ ಕೂರಿಸಿ ಬಣ್ಣ ನೋಡಿಕೊಳ್ಳುವುದು ಯಾವ ಸೂತ್ರಕ್ಕಿಂತಲೂ ಮೇಲು.

ಕಣ್ಣಿನ ಬಿಳುಪು ಬಿಳಿಯಲ್ಲ, ಮೇಲ್ರೆಪ್ಪೆಯ ನೆರಳು ಅದರ ಮೇಲೆ ಬಿದ್ದಿರುತ್ತದೆ. ಫ್ಲಾಶ್ ಬಿದ್ದ ಫೋಟೋದಲ್ಲಿ ಪಾಪೆಯ ನಟ್ಟನಡುವೆ ಕಾಣುವ ಚುಕ್ಕೆಯನ್ನು ಕಿಟಕಿಯ ಬೆಳಕಿನ ಕಡೆಗೆ ಸರಿಸಬೇಕು. ನಗುವಂತೂ ಕಠಿಣ. ಫ್ರಾನ್ಸಿನ ವೈದ್ಯ ದ್ಯುಷೆನ್ 1862ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖದ ಸ್ನಾಯುಗಳಿಗೆ ವಿದ್ಯುತ್ ಹರಿಸಿ ಫೋಟೋ ತೆಗೆಸಿ, ನಿಜವಾದ ನಗುವಿನಲ್ಲಿ ಕಣ್ಣಿನ ಸುತ್ತಲ ಸ್ನಾಯುವೂ ಸೇರುತ್ತದೆ ಎಂದು ತೋರಿಸಿದ. ಕ್ಯಾಮೆರಾ ಮುಂದೆ ಹೇಳಿಸಿಕೊಂಡು ನಕ್ಕ ಬಾಯಿಯನ್ನು ಬರೆದರೆ ಆ ಹುಸಿ ಗೋಡೆಯ ಮೇಲೆ ವರ್ಷಗಟ್ಟಲೆ ಉಳಿಯುತ್ತದೆ. ಹಲ್ಲು ಕಾಣುವ ನಗುವನ್ನು ತುಸು ತಗ್ಗಿಸಿ, ಕಣ್ಣಿಗೆ ಅದನ್ನು ದಾಟಿಸುವುದು ಅನುಭವಿಗಳ ಕ್ರಮ. ಕೆಲಸ ನಡೆಯುತ್ತಿರುವಾಗ ಫೋಟೋವನ್ನೂ ಚಿತ್ರವನ್ನೂ ತಲೆಕೆಳಗು ಮಾಡಿ ಹೋಲಿಸಿದರೆ, ಕನ್ನಡಿಯಲ್ಲಿ ನೋಡಿದರೆ, ಅಳತೆಯ ತಪ್ಪು ಕೂಡಲೇ ಎದ್ದು ಕಾಣುತ್ತದೆ. ಎಣ್ಣೆಬಣ್ಣದ ಚಿತ್ರಕ್ಕೆ ವಾರ್ನಿಷ್ ಹಚ್ಚಲು ಪದರದ ದಪ್ಪಕ್ಕೆ ತಕ್ಕಂತೆ ಆರು ತಿಂಗಳಿಂದ ಒಂದು ವರ್ಷ ಕಾಯಬೇಕು.

ತೀರಿಕೊಂಡವರ ಚಿತ್ರ

ಇದು ಬೇರೆಯೇ ಜವಾಬ್ದಾರಿ ಬೇಡುವ ಕೆಲಸ. ಇರುವುದು ಒಂದೋ ಎರಡೋ ಫೋಟೋ, ಅವೂ ಬೇರೆ ವಯಸ್ಸಿನವು. ಮನೆಯವರ ನೆನಪಿನಲ್ಲಿರುವ ಮುಖ ಇನ್ನೊಂದು. ಮಗಳಿಗೆ ನೆನಪಾಗುವುದು ಅರವತ್ತರ ಅಪ್ಪ, ಹೆಂಡತಿಗೆ ನಲವತ್ತರ ಗಂಡ. ಯಾವ ವಯಸ್ಸಿನ ಮುಖ ಬೇಕು ಎಂದು ಮೊದಲೇ ಎಲ್ಲರೂ ಕೂತು ತೀರ್ಮಾನಿಸದಿದ್ದರೆ ಚಿತ್ರ ಯಾರಿಗೂ ಒಪ್ಪಿಗೆಯಾಗುವುದಿಲ್ಲ. ಪೇಟ, ಶಾಲು, ಸೀರೆ ಇನ್ನೂ ಮನೆಯಲ್ಲಿದ್ದರೆ ಅದೇ ಮೈಕಟ್ಟಿನ ಬಂಧುವಿಗೆ ಉಡಿಸಿ, ಫೋಟೋದಲ್ಲಿರುವ ದಿಕ್ಕಿನಿಂದಲೇ ಬೆಳಕು ಬೀಳುವಂತೆ ಕೂರಿಸಿ ಭುಜ ಮತ್ತು ಬಟ್ಟೆಯನ್ನು ನೇರವಾಗಿ ನೋಡಿ ಬರೆಯುವುದು ಒಳ್ಳೆಯ ಉಪಾಯ. ತಲೆ ಒಂದು ಬೆಳಕಿನಲ್ಲಿ, ಮೈ ಇನ್ನೊಂದು ಬೆಳಕಿನಲ್ಲಿ ಇರುವ ಚಿತ್ರಗಳು ಹುಟ್ಟುವುದು ಈ ಎಚ್ಚರ ತಪ್ಪಿದಾಗ. ಅರ್ಧ ಮುಗಿದ ಹಂತದಲ್ಲಿ, ಹೋಲಿಕೆ ಮೂಡಿದಮೇಲೆ ಬಣ್ಣ ಗಟ್ಟಿಯಾಗುವ ಮೊದಲು, ಒಡನಾಡಿದವರಿಗೆ ತೋರಿಸಬೇಕು. ಅವರು ತಪ್ಪನ್ನು ಕಲೆಯ ಮಾತಿನಲ್ಲಿ ಹೇಳಲಾರರು. ‘ಅವರು ಹೀಗೆ ನೋಡುತ್ತಿರಲಿಲ್ಲ’ ಎಂದಷ್ಟೇ ಹೇಳುತ್ತಾರೆ. ಆ ಮಾತಿಗೆ ಕಾರಣವಾದ ರೆಪ್ಪೆಯನ್ನೋ ತುಟಿಯ ಕೊನೆಯನ್ನೋ ಹುಡುಕಿ ತಿದ್ದುವುದು ಕಲಾವಿದನ ಹೊಣೆ.

ಫೋಟೋವನ್ನೇ ವಸ್ತುವಾಗಿಸಿದವರು

1960ರ ದಶಕದ ನಂತರ ಕೆಲವು ಕಲಾವಿದರು ಫೋಟೋವನ್ನು ಬಚ್ಚಿಡುವ ಬದಲು ಮುಂದಕ್ಕೆ ತಂದರು. ಅಮೆರಿಕದ ಚಕ್ ಕ್ಲೋಸ್ 1967–68ರಲ್ಲಿ ತನ್ನದೇ ಕಪ್ಪುಬಿಳುಪು ಫೋಟೋಗೆ ಚೌಕ ಎಳೆದು ಸುಮಾರು ಒಂಬತ್ತು ಅಡಿ ಎತ್ತರದ ಮುಖ ಬರೆದ. ಮಸೂರದ ಫೋಕಸ್ ತಪ್ಪಿ ಮಸುಕಾದ ಕಿವಿ, ಮೂಗಿನ ತುದಿಗಳನ್ನೂ ಹಾಗೆಯೇ ಬರೆದ. ಮುಖಗಳನ್ನು ಗುರುತಿಸಲಾಗದ ನರಸಂಬಂಧಿ ತೊಂದರೆ ಅವನಿಗಿತ್ತು. ಚಪ್ಪಟೆಯಾದ ಫೋಟೋ ಮಾತ್ರ ಅವನ ನೆನಪಿನಲ್ಲಿ ನಿಲ್ಲುತ್ತಿತ್ತು ಎಂದು ತಿಳಿದಾಗ ಆ ಚಿತ್ರಗಳ ತೀವ್ರತೆ ಅರ್ಥವಾಗುತ್ತದೆ. ಜರ್ಮನಿಯ ಗೆರ್ಹಾರ್ಡ್ ರಿಕ್ಟರ್ ವಿಶ್ವಕೋಶಗಳಲ್ಲಿ ಅಚ್ಚಾಗಿದ್ದ ಲೇಖಕರು, ವಿಜ್ಞಾನಿಗಳು, ಸಂಗೀತಗಾರರ ಫೋಟೋಗಳಿಂದ 48 ಬೂದುಬಣ್ಣದ ಭಾವಚಿತ್ರ ಬರೆದು 1972ರ ವೆನಿಸ್ ಬಿಯೆನಾಲೆಯಲ್ಲಿಟ್ಟ.

ಎದುರು ನೋಡಿಯೇ ಬರೆಯಬೇಕೆಂಬ ಪಕ್ಷವೂ ಬಲವಾಗಿದೆ. ಬ್ರಿಟನ್ನಿನ ಲೂಸಿಯನ್ ಫ್ರಾಯ್ಡ್ ತಿಂಗಳುಗಟ್ಟಲೆ ಜನರನ್ನು ಎದುರಿಗೆ ಕೂರಿಸಿಕೊಂಡೇ ಬರೆದ. ಆಸ್ಟ್ರೇಲಿಯದ ಆರ್ಚಿಬಾಲ್ಡ್ ಬಹುಮಾನಕ್ಕೆ ವ್ಯಕ್ತಿಯನ್ನು ನೇರ ಕಂಡು ಬರೆದಿರಬೇಕೆಂಬ ನಿಯಮವಿದೆ. 1975ರಲ್ಲಿ ಜಾನ್ ಬ್ಲೂಮ್‌ಫೀಲ್ಡ್ ಬರೆದ ಚಿತ್ರನಿರ್ದೇಶಕ ಟಿಮ್ ಬರ್ಸ್ಟಾಲ್‌ರ ಭಾವಚಿತ್ರಕ್ಕೆ ಬಹುಮಾನ ಬಂದು, ಅದು ಫೋಟೋದಿಂದ ಬರೆದದ್ದೆಂದು ತಿಳಿದಮೇಲೆ ಹಿಂತೆಗೆದುಕೊಳ್ಳಲಾಯಿತು.

ಹಕ್ಕಿನ ಪ್ರಶ್ನೆ

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಛಾಯಾಚಿತ್ರವನ್ನು ಕಲಾಕೃತಿ ಎಂದು ಪರಿಗಣಿಸುತ್ತದೆ. ಪತ್ರಿಕೆಯಲ್ಲೋ ಅಂತರ್ಜಾಲದಲ್ಲೋ ಕಂಡ ಫೋಟೋದಿಂದ ಚಿತ್ರ ಬರೆದು ಮಾರುವ ಮೊದಲು ಹಕ್ಕುದಾರರ ಒಪ್ಪಿಗೆ ಕೇಳಬೇಕು. ಹಣ ಕೊಟ್ಟು ತೆಗೆಸಿಕೊಂಡ ಫೋಟೋದ ವಿಷಯದಲ್ಲಿ, ಬೇರೆ ಕರಾರು ಇಲ್ಲದಿದ್ದರೆ, ಮೊದಲ ಹಕ್ಕು ತೆಗೆಸಿಕೊಂಡವರದೇ ಎಂದು ಅದೇ ಕಾಯ್ದೆ ಹೇಳುತ್ತದೆ. ಅಮೆರಿಕದಲ್ಲಿ ಲಿನ್ ಗೋಲ್ಡ್‌ಸ್ಮಿತ್ 1981ರಲ್ಲಿ ತೆಗೆದ ಗಾಯಕ ಪ್ರಿನ್ಸ್‌ನ ಫೋಟೋದಿಂದ ಆಂಡಿ ವಾರ್‌ಹೋಲ್ ಮಾಡಿದ ಚಿತ್ರಗಳ ಬಗ್ಗೆ ದೀರ್ಘ ವ್ಯಾಜ್ಯ ನಡೆಯಿತು. 2023ರಲ್ಲಿ ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ಛಾಯಾಗ್ರಾಹಕಿಯ ಪರ ತೀರ್ಪು ಕೊಟ್ಟಿತು. ಮೂಲ ಫೋಟೋದಂತೆಯೇ ಪತ್ರಿಕೆಯೊಂದಕ್ಕೆ ಪರವಾನಗಿ ಕೊಟ್ಟು ಹಣ ಪಡೆದಾಗ, ಶೈಲಿ ಬದಲಾಗಿದೆ ಎಂಬ ವಾದವೊಂದೇ ಸಾಲದು ಎಂಬುದು ಅದರ ತಿರುಳು. ಒಪ್ಪಿಗೆ ಪಡೆದು ಬರೆದಾಗ ಕ್ಯಾನ್ವಾಸಿನ ಹಿಂಬದಿಯಲ್ಲಿ ಚಿತ್ರಿತ ವ್ಯಕ್ತಿಯ ಹೆಸರು ಮತ್ತು ವರ್ಷದ ಜೊತೆಗೆ ಫೋಟೋ ತೆಗೆದವರ ಹೆಸರು, ಗೊತ್ತಿದ್ದರೆ ಸ್ಟುಡಿಯೋ ಮತ್ತು ಊರನ್ನೂ ಬರೆದಿಡುವುದು ಮುಂದೆ ಚಿತ್ರವನ್ನು ಶುಚಿಗೊಳಿಸುವವರಿಗೂ ಚರಿತ್ರೆ ಬರೆಯುವವರಿಗೂ ನೆರವಾಗುತ್ತದೆ.